‘ಇಲ್ಲ’ ಎಂದರೂ ತುಂಬುವ ಸೀಟುಗಳು

ಪ್ರೀತಿಯ ಅಕ್ಕೋರೆ,

ನಿಮಗೆ ಕಾಗದ ಬರೆಯಲು ಕೂತರೆ ಈಗಲೂ ಕೈ ಹಿಂಜರಿಯುತ್ತದೆ. ಹರಿಹರದ ನಿಮ್ಮ ಶಾಲೆಯ ಆಫೀಸಿಗೆ ಸೇರಿದ ಹೊಸತರಲ್ಲಿ, ದಾಖಲಾತಿ ಶುರುವಾಗಿದೆ ಎಂದು ಮನೆಮನೆಗೆ ಹಂಚಲು ನಾನೊಂದು ಕರಪತ್ರ ಬರೆದಿದ್ದೆ, ನೆನಪಿದೆಯೇ? ಉತ್ಕೃಷ್ಟ, ಸುಸಜ್ಜಿತ, ಸರ್ವಾಂಗೀಣ, ಎಲ್ಲವನ್ನೂ ಒಂದೇ ಪುಟಕ್ಕೆ ತುರುಕಿದ್ದೆ. ನೀವು ಕೆಂಪು ಪೆನ್ನು ತೆಗೆದುಕೊಂಡು ಒಂದೊಂದಕ್ಕೂ ಗೀಟು ಹಾಕುತ್ತಾ ಹೋಗಿ, ಕೊನೆಗೆ ಹಾಳೆಯನ್ನು ನನ್ನ ಕಡೆ ತಳ್ಳಿ, “ಉಳಿದಿದ್ದನ್ನ ಪ್ರಿಂಟ್ ಮಾಡ್ಸು ತಿಪ್ಪೇಶಿ” ಅಂದಿರಿ. ಉಳಿದದ್ದು ಶಾಲೆಯ ಹೆಸರು, ಬಾಗಿಲು ತೆರೆಯುವ ದಿನ ಮತ್ತು ನಿಮ್ಮ ಸಹಿ. ಈ ಕಾಗದಕ್ಕೂ ಅದೇ ಗತಿ ಎಂದು ಗೊತ್ತು. ಆದರೂ ಬರೆಯುತ್ತೇನೆ. ನನ್ನ ಮಾತನ್ನು ಪೂರ್ತಿ ಕೇಳಿ, ಕೇಳಿದ ಮೇಲೂ ಕನ್ನಡಕದ ಮೇಲಿಂದ ಅನುಮಾನದಲ್ಲಿ ನೋಡುವ ಒಬ್ಬರೇ ಒಬ್ಬರು ನನಗಿದ್ದದ್ದು ನೀವು. ಈಗ ಎಲ್ಲರೂ ನನ್ನನ್ನು ನಂಬುತ್ತಾರೆ. ನನ್ನ ಕಷ್ಟವೇ ಅದು.

ನಾವು ಮೊದಲು ಮುಖ ನೋಡಿದ ದಿನ ನಾನು ಬಟ್ಟೆ ಅಂಗಡಿಯವನು. ದಾವಣಗೆರೆಯ ಅಂಗಡಿಯಿಂದ ಯೂನಿಫಾರ್ಮ್ ಬಟ್ಟೆಯ ಥಾನು ಹೆಗಲ ಮೇಲೆ ಹೊತ್ತು ಬಂದಿದ್ದೆ. ನೀವು ತುದಿ ಹಿಡಿದು ಉಜ್ಜಿ ನೋಡಿ, “ಬಣ್ಣ ಬಿಡ್ತೈತಾ?” ಅಂದಿರಿ. “ಮೊದಲ್ನೇ ಒಗೆತಕ್ಕೆ ಸ್ವಲ್ಪ ಬಿಡ್ತೈತೆ ಅಕ್ಕೋರೆ. ಬಿಡಲ್ಲ ಅಂತ ಸುಳ್ಳು ಹೇಳಾಕೆ ನಂಗೆ ಬರಲ್ಲ” ಅಂದೆ. ಅದು ನಾನು ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಕಲಿತ ವಿದ್ಯೆ. ಸಣ್ಣದೊಂದು ದೋಷವನ್ನು ನಾವೇ ಮೊದಲು ಹೇಳಿಬಿಟ್ಟರೆ ಗಿರಾಕಿ ಬಾಕಿ ದೋಷ ಹುಡುಕುವುದಿಲ್ಲ. ನೀವು ಬಟ್ಟೆ ಕೆಳಗಿಟ್ಟು ಕೇಳಿದಿರಿ: “ನೀನು ನಿಜ ಹೇಳ್ತೀಯೋ, ನಿಜ ಮಾರ್ತೀಯೋ?” ಬಾಯಿಮಾತಿನಿಂದಲೇ ಅನ್ನ ಸಂಪಾದಿಸುವ ನಾನು ಥಾನು ಸುತ್ತಿಡತೊಡಗಿದೆ. ನೀವು ಥಾನು ಕೊಂಡಿರಿ. ಆಮೇಲೆ ಅಂಗಡಿಗೆ ಹೇಳಿಕಳಿಸಿ ನನ್ನನ್ನೂ ಕರೆಸಿಕೊಂಡಿರಿ. “ಬಾಯಿ ಚೆನ್ನಾಗೈತೆ. ಅದಕ್ಕೊಂದು ಮರ್ಯಾದೆ ಕೆಲ್ಸ ಕೊಡೋಣ” ಎಂದಿರಂತೆ.

ಬೇಸಿಗೆ ಬಂದು ದಾಖಲಾತಿ ಶುರುವಾದರೆ ಸಾಕು, ನಿಮ್ಮ ಆ ಸುತ್ತು ಕಣ್ಣಿಗೆ ಕಟ್ಟುತ್ತದೆ. ಮಗುವನ್ನು ಕರೆದುಕೊಂಡು ಬಂದವರನ್ನು ಕೂರಿಸಿ, ನೀರು ಕೊಟ್ಟು, “ಬರ್ರಿ, ಮೊದ್ಲು ಇಲ್ಲದ್ದು ನೋಡ್ಕಂಡು ಬರೋಣ” ಎನ್ನುತ್ತಿದ್ದಿರಿ. ಸೋರುವ ಕೋಣೆ. ನಲ್ಲಿಯಿಲ್ಲದ ವಿಜ್ಞಾನದ ಕೊಠಡಿ. ಚಿಲಕ ಕೂರದ ಹುಡುಗಿಯರ ಶೌಚಾಲಯ. ಒಮ್ಮೆ ಕೊಂಡಜ್ಜಿಯಿಂದ ಬಂದ ದಂಪತಿಗೆ, “ಗಣಿತಕ್ಕೆ ಮೇಷ್ಟ್ರಿಲ್ಲ. ಜೂನಿಗೆ ಬರ್ತೀನಿ ಅಂದಿದಾರೆ. ಬಂದ್ರೆ ಬಂದ್ರು, ಇಲ್ಲಾಂದ್ರೆ ನಾನೇ ಪಾಠ ಮಾಡ್ಬೇಕು, ನನ್ನ ಗಣಿತ ಅಷ್ಟಕ್ಕಷ್ಟೆ” ಎಂದಿರಿ. ಅವರು ಮುಖ ಮುಖ ನೋಡಿಕೊಂಡರು. ಅವರ ಮಗ ಲೆಕ್ಕದಲ್ಲಿ ಜಾಣ ಎಂದು ತಿಳಿದ ಮೇಲೆ ನೀವೇ ಸರ್ಕಾರಿ ಹೈಸ್ಕೂಲಿನ ದಾರಿ ತೋರಿಸಿ, ಅಲ್ಲಿಯ ಮೇಷ್ಟ್ರಿಗೆ ನನ್ನ ಮುಂದೆಯೇ ಫೋನು ಮಾಡಿದಿರಿ. ಅವರು ಹೋದ ಮೇಲೆ ನಾನು ತಲೆ ಚಚ್ಚಿಕೊಂಡೆ. “ಅಕ್ಕೋರೆ, ಕೈಗೆ ಬಂದ ಸೀಟು ಕಳಿಸಿಬಿಟ್ರಲ್ಲ!” ನೀವು ಬಿಸ್ಕತ್ತು ಚಹಾಕ್ಕೆ ಅದ್ದುತ್ತಾ, “ಸೀಟು ಅಂದ್ರೆ ಕುರ್ಚಿ ಕಣಪ್ಪ. ಬಂದಿದ್ದು ಹುಡ್ಗ” ಅಂದಿರಿ.

ನೀವು ಕಣ್ಣು ಮುಚ್ಚಿದ್ದು ಸಹ ರಜೆಯಲ್ಲೇ, ಶಾಲೆಗೆ ತೊಂದರೆಯಾಗದ ಹಾಗೆ. ಮುಂದಿನ ಜೂನಿಗೆ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ. ಮಕ್ಕಳ ವರ್ಗಾವಣೆ ಪತ್ರ ಬರೆದು ಮುಗಿಸಿ, ನಾನು ಹೊಳೆ ದಾಟಿದರೆ ಆ ಕಡೆಯ ಊರೋ, ಬಸ್ಸು ಹತ್ತಿದರೆ ದಾವಣಗೆರೆಯೋ ಎಂದು ನಿಂತಿದ್ದೆ. ದಾವಣಗೆರೆಯವರೇ ಕರೆದರು. ನಿಜಲಿಂಗಪ್ಪ ಬಡಾವಣೆಯಿಂದ ಸ್ವಲ್ಪ ಆಚೆ ಹೊಸ ಶಾಲೆ. ಗಾಜಿನ ಮುಂಭಾಗ, ಮೆತ್ತನೆ ಸೋಫಾ, ಒಳಗೆ ಕಾಲಿಟ್ಟರೆ ತಣ್ಣನೆ ಗಾಳಿ. ನನ್ನ ಮೇಜಿನ ಮೇಲೆ ‘ಅಡ್ಮಿಷನ್ ಕೌನ್ಸೆಲರ್’ ಎಂಬ ಪಟ್ಟಿ. ನೀವು ಇದ್ದಿದ್ದರೆ ಆ ಎರಡು ಪದಗಳಿಗೂ ಗೀಟು ಹಾಕಿ, ಉಳಿದ ಮೇಜನ್ನು ತೋರಿಸುತ್ತಿದ್ದಿರಿ.

ಸೇರಿದ ಮೊದಲ ವಾರ ನಾನು ಒಂದು ಬೋರ್ಡು ನೋಡಿದೆ. ಶಾಲೆಗೆ ಎಂಟನೇ ತರಗತಿಯವರೆಗೆ ಮಾತ್ರ ಮಾನ್ಯತೆ. ಒಂಬತ್ತು, ಹತ್ತಕ್ಕೆ ಅರ್ಜಿ ಹಾಕಿದ್ದಾರೆ, ಇನ್ನೂ ಬಂದಿಲ್ಲ. ಆದರೂ ಈ ಸಲ ಒಂಬತ್ತನೇ ತರಗತಿ ತೆರೆಯುವುದೆಂದು ನಿರ್ಧಾರವಾಗಿದೆ. ಮಾನ್ಯತೆಯ ವಿವರ ಪೋಷಕರಿಗೆ ಕಾಣುವಂತೆ ಹಾಕಬೇಕೆಂಬ ನಿಯಮ ಇದೆಯಲ್ಲ, ಅದಕ್ಕೆ ಅಂದವಾಗಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಹಾಕಿದ್ದಾರೆ. ಎಲ್ಲಿ ಗೊತ್ತೇ? ಆಫೀಸಿನ ಬಾಗಿಲ ಹಿಂದಿನ ಗೋಡೆಗೆ. ಬಾಗಿಲು ತೆರೆದರೆ ಬೋರ್ಡು ಮುಚ್ಚುತ್ತದೆ. ದಾಖಲಾತಿಯ ಕಾಲದಲ್ಲಿ ಬಾಗಿಲು ಮುಚ್ಚುವವರು ಯಾರು? ಆಡಳಿತ ಮಂಡಳಿಯ ಕಾರ್ಯದರ್ಶಿಯವರಿಗೆ ಹೇಳಿದೆ. ಅವರು ನಕ್ಕರು. “ಹಾಕ್ಬೇಕು ಅಂತ ನಿಯಮ ಐತೆ, ಹಾಕೀವಿ. ಬಾಗ್ಲು ಮುಚ್ಕಂಡಿರ್ಬೇಕು ಅಂತ ಎಲ್ಲಿ ಐತ್ರೀ?” ತಪಾಸಣೆಗೆ ಬಂದವರು ಬಾಗಿಲು ಮುಚ್ಚಿ, ಬೋರ್ಡಿನ ಫೋಟೋ ತೆಗೆದುಕೊಂಡು, ಬಾಗಿಲು ತೆಗೆದು ಹೊರಟುಹೋದರು. ಫೋಟೋದಲ್ಲಿ ಬೋರ್ಡು ಬಹಳ ಸ್ಪಷ್ಟವಾಗಿ ಬಂದಿತ್ತಂತೆ.

ಈಗ ನಿಮಗೆ ನೋವಾಗುವ ಸಂಗತಿ. ಹುಬ್ಬಳ್ಳಿ ಕಡೆಯಿಂದ ಒಬ್ಬ ತರಬೇತುದಾರನನ್ನು ಕರೆಸಿದ್ದರು. ಬೆಳಗ್ಗೆ ನಮಗೆಲ್ಲ ಬೆಣ್ಣೆ ದೋಸೆ ತಿನ್ನಿಸಿ, ಆಮೇಲೆ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಪೋಷಕರ ಜೊತೆ ಮಾತಾಡುವ ಬಗೆ ಹೇಳಿಕೊಟ್ಟ. ಹುಡುಗ ಚುರುಕು. ಈ ಸೀಮೆಯ ಶಾಲೆಗಳಿಗೆ ಜನ ಯಾಕೆ ಸೇರಿಸುತ್ತಾರೆ ಎಂದು ಬರುವ ಮುಂಚೆ ಊರೆಲ್ಲ ಸುತ್ತಿ ಕೇಳಿದ್ದನಂತೆ. “ಹರಿಹರದಲ್ಲಿ ಒಂದು ಹಳೇ ಸ್ಕೂಲ್ ಇತ್ತು. ಮೇಡಂ ಒಬ್ರು ಮೊದ್ಲು ಇಲ್ಲದ್ದನ್ನೆಲ್ಲ ತೋರಿಸ್ತಿದ್ರಂತೆ. ಪೇರೆಂಟ್ಸ್ ಇವತ್ತಿಗೂ ಅದನ್ನೇ ಹೇಳ್ತಾರೆ. ಇದು ಪವರ್‌ಫುಲ್ ಟೆಕ್ನಿಕ್” ಅಂದ. ಅಕ್ಕೋರೆ, ಅದು ನಿಮ್ಮ ಸುತ್ತು. ಅವನು ಮುಂದುವರಿಸಿದ: “ಎರಡು ಸಣ್ಣ ಕೊರತೆ ಆರಿಸ್ಕೊಳ್ಳಿ. ಆಟದ ಮೈದಾನ ಚಿಕ್ಕದು, ಸಂಗೀತದ ಟೀಚರ್ ರಜೆಯಲ್ಲಿದಾರೆ. ಇವನ್ನ ನೀವೇ ಮುಂದಾಗಿ ಹೇಳಿ. ದೊಡ್ಡದು ಅವರು ಕೇಳಿದ್ರೆ ಮಾತ್ರ.” ಕೈ ಎತ್ತಿ ಕೇಳಿದೆ, “ಕೇಳಿದ್ರೆ ಏನನ್ನಬೇಕು?” “‘ಬರುತ್ತೆ’ ಅನ್ನಿ ಸರ್. ಬರುತ್ತೆ ಅನ್ನೋದು ಸುಳ್ಳಲ್ಲ.”

ಮರುದಿನದಿಂದ ಮುಂಭಾಗದಲ್ಲಿ ಕೂತ ಹುಡುಗಿಯರ ಬಾಯಲ್ಲಿ ನಿಮ್ಮ ಸುತ್ತು ಶುರುವಾಯಿತು. “ಮೊದ್ಲೇ ಹೇಳ್ಬಿಡ್ತೀನಿ ಸರ್, ನಮ್ಮಲ್ಲಿ ಗ್ರೌಂಡ್ ಸ್ವಲ್ಪ ಚಿಕ್ಕದು.” ಧ್ವನಿ ತಗ್ಗಿಸಿ, ತಲೆ ಸ್ವಲ್ಪ ಓರೆ ಮಾಡಿ. ತಂದೆ ತಾಯಿಗಳ ಹುಬ್ಬು ಸಡಿಲವಾಗುವುದನ್ನು ನಾನು ನನ್ನ ಮೇಜಿನಿಂದ ನೋಡುತ್ತಿದ್ದೆ. ನೀವು ಗೋಡೆಯ ಸೋರಿಕೆ ತೋರಿಸಿದಾಗಲೂ ಹುಬ್ಬುಗಳು ಹೀಗೇ ಸಡಿಲವಾಗುತ್ತಿದ್ದವಲ್ಲವೇ? ಹೊರಗಿನಿಂದ ನೋಡಿದರೆ ಎರಡರಲ್ಲಿ ಏನು ವ್ಯತ್ಯಾಸ? ನಿಮ್ಮನ್ನು ಕೇಳಬೇಕಿತ್ತು. ಕೇಳೋಣವೆಂದರೆ…

ದಾದಾಪೀರ್ ಬಂದದ್ದು ಒಂದು ಶನಿವಾರ. ಮಂಡಕ್ಕಿ ಭಟ್ಟಿ ನಡೆಸುವವನು, ಮನೆ ಆನೆಕೊಂಡದ ಕಡೆ. ಒಗೆದ ಅಂಗಿ ಹಾಕಿದ್ದರೂ ಹುಬ್ಬಿನಲ್ಲಿ ಬೂದಿ ಉಳಿದಿತ್ತು. ಜೊತೆಗೆ ಹೆಂಡತಿ ಜಬೀನಾ, ಮಗಳು ಆಫ್ರೀನ್. ಹುಡುಗಿ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದ್ದಾಳೆ, ವಿಜ್ಞಾನದಲ್ಲಿ ಮುಂದು, ನರ್ಸಿಂಗ್ ಓದಬೇಕೆಂಬ ಆಸೆ. ಅಪ್ಪನಿಗೆ ಅವಳು ಟೈ ಕಟ್ಟಿ ಹಳದಿ ಬಸ್ಸು ಹತ್ತುವುದನ್ನು ನೋಡುವ ಆಸೆ. ಅವನ ತಮ್ಮನ ಮಗಳು ಆಗಲೇ ಅಂಥ ಬಸ್ಸು ಹತ್ತುತ್ತಿದ್ದಾಳೆ, ಅದು ಬೇರೆ. ಸೇರಿಸಬೇಕಿದ್ದದ್ದು ಒಂಬತ್ತಕ್ಕೆ. ಇಲ್ಲಿ ಎರಡು ವರ್ಷ ಓದಿ, ಹತ್ತನೇ ಪರೀಕ್ಷೆಗೆ ಕೂರುವ ಹೊತ್ತಿಗೆ ಶಾಲೆಗೆ ಮಾನ್ಯತೆ ಇಲ್ಲದಿದ್ದರೆ ಈ ಮಗು ಎಲ್ಲಿಗೆ ಹೋಗಬೇಕು?

ಅವತ್ತು ನಾನು ನಿಮ್ಮ ಸುತ್ತನ್ನು ಪೂರ್ತಿ ಹಾಕಿದೆ. ಎದ್ದು ಹೋಗಿ ಬಾಗಿಲು ಮುಚ್ಚಿದೆ. ಮುಂಭಾಗದ ಹುಡುಗಿಯರು ಗಾಬರಿಯಿಂದ ನೋಡಿದರು. ಬೋರ್ಡಿನ ಮುಂದೆ ಮೂವರನ್ನೂ ನಿಲ್ಲಿಸಿ ಗಟ್ಟಿಯಾಗಿ ಓದಿದೆ. “ಒಂಬತ್ತು, ಹತ್ತಕ್ಕೆ ಈ ಶಾಲೆಗೆ ಪರವಾನಗಿ ಇಲ್ಲ ದಾದಾಪೀರ್. ಅರ್ಜಿ ಹಾಕಿದಾರೆ. ಬರ್ತದೋ ಇಲ್ಲೋ ನನಗೆ ಗೊತ್ತಿಲ್ಲ.”

ಆಫ್ರೀನ್ ಇಂಗ್ಲಿಷಿನದನ್ನೂ ಓದಿ ಮುಗಿಸಿ ನನ್ನ ಕಡೆ ತಿರುಗಿದಳು. “ಅಂದ್ರೆ ಹಾಲ್ ಟಿಕೆಟ್‌ನಾಗೆ ಈ ಸ್ಕೂಲ್ ಹೆಸ್ರು ಇರಲ್ವಾ ಸರ್?”

“ಇರಲ್ಲಮ್ಮ. ಬೇರೆ ಯಾವ್ದೋ ಸ್ಕೂಲಿಂದ ಕೂರಿಸ್ತೀವಿ ಅಂತಾರೆ.”

“ಯಾವ ಸ್ಕೂಲು?”

“ಅದನ್ನ ನನಗೂ ಹೇಳಿಲ್ಲ.”

ಹುಡುಗಿ ಅಪ್ಪನ ಮುಖ ನೋಡಿದಳು. ದಾದಾಪೀರನ ಮುಖ ಅರಳಿತ್ತು, ಅಕ್ಕೋರೆ! ನನ್ನ ಕೈ ಹಿಡಿದುಕೊಂಡ. “ಅಣ್ಣಾ, ಇಷ್ಟು ಸ್ಕೂಲು ಸುತ್ತಿ ಬಂದೀವಿ. ಎಲ್ರೂ ನಮ್ದು ಅಷ್ಟು ಐತೆ, ಇಷ್ಟು ಐತೆ ಅಂದ್ರು. ಇಲ್ಲ ಅಂದೋರು ನೀವೊಬ್ರೇ. ನಾನೂ ಹಂಗೇ ನೋಡ್ರಿ. ಗಿರಾಕಿಗೆ, ಈ ಚೀಲ ಮೆತ್ತಗಾಗೈತೆ, ಒಯ್ಯಬ್ಯಾಡ್ರಿ ಅಂತ ಹೇಳಿಬಿಡ್ತೀನಿ. ಅವತ್ತಿಂದ ಅವ ಬೇರೆ ಭಟ್ಟಿ ಕಡೆ ತಲೆ ಹಾಕಲ್ಲ.”

“ಮೆತ್ತಗಾಗಿರೋ ಚೀಲನ ಒಯ್ಯಲ್ಲ ತಾನೆ ಅವನು?” ಅಂದೆ.

“ಎಲ್ಲಿ ಒಯ್ತಾನ್ರೀ!”

“ನಾನೂ ಅದನ್ನೇ ಹೇಳ್ತಿರೋದು ಮಾರಾಯ. ಇದು ಮೆತ್ತಗಿನ ಚೀಲ. ಒಯ್ಯಬ್ಯಾಡ.”

ಅವನು ಹೆಂಡತಿಯ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದ, ಇಬ್ಬರೂ ನಕ್ಕರು. ಆಮೇಲೆ ನನಗೆ, “ನೀವಿದ್ದೀರಲ್ಲ ಅಣ್ಣಾ, ಅಷ್ಟು ಸಾಕು” ಅಂದ. ಬಾಗಿಲು ತಾನೇ ತೆರೆದು, ಫಾರಂ ಎಲ್ಲಿ ಸಿಗುತ್ತದೆ ಎಂದು ಹುಡುಗಿಯರನ್ನು ಕೇಳಲು ಹೋದ.

ಸುಮ್ಮನೆ ಬಿಟ್ಟೆ ಅಂದುಕೊಳ್ಳಬೇಡಿ. ಸೋಮವಾರ ಅವರ ಭಟ್ಟಿಗೇ ಹೋದೆ. ಬೆಂಕಿಯ ಮುಂದೆ ಮರಳು ಕೆದಕುವ ಸದ್ದು, ಮಾತು ಕೇಳಬೇಕೆಂದರೆ ಕೂಗಬೇಕು. ನನ್ನಂಥವನು ಕೂಗಿ ಹೇಳಿದ್ದು, “ಬ್ಯಾಡ ಕಣೋ, ಸೇರಿಸಬ್ಯಾಡ” ಎಂದು. ಅವಳ ಹಳೇ ಶಾಲೆಯ ಹೆಡ್ಮೇಷ್ಟ್ರನ್ನು ನೋಡಿ ಬಂದಿದ್ದೆ, ಅಲ್ಲೇ ಒಂಬತ್ತಕ್ಕೆ ಜಾಗ ಇದೆ ಎಂದೂ ಹೇಳಿದೆ. ಜಬೀನಾ ಬಿಸಿ ಮಂಡಕ್ಕಿಗೆ ಖಾರ ಕಲಸಿ, ಮಿರ್ಚಿ ತರಿಸಿ, ನನ್ನನ್ನು ಚೀಲದ ಮೇಲೆ ಕೂರಿಸಿ ಉಪಚರಿಸಿದಳು. “ಅಣ್ಣ, ಒಂದು ಮಾತು ಕೇಳ್ಲಾ? ಸೀಟು ಖಾಲಿ ಆಗ್ಯಾವಾ? ಅದಕ್ಕೇ ಬ್ಯಾಡ ಅಂತಿದೀರಾ?” ಪಕ್ಕದ ಭಟ್ಟಿಯವನು ಅಷ್ಟು ದೂರದಿಂದ ಕಿವಿ ನೆಟ್ಟಿದ್ದ. “ಸ್ಕೂಲಿನೋರೇ ಮನೀಗ್ ಬಂದು ಬ್ಯಾಡ ಅಂತಾರೆ ಅಂದ್ರೆ ಎಂಥಾ ಡಿಮ್ಯಾಂಡ್ ಇರ್ಬೇಕು ನೋಡು!” ಅಂದ. ಆ ವಾರದಲ್ಲಿ ಅವನ ಮಗನೂ ದಾದಾಪೀರನ ಭಾಮೈದನ ಮಗಳೂ ನಮ್ಮ ಸೋಫಾದ ಮೇಲೆ ಬಂದು ಕೂತಿದ್ದರು. ಇಬ್ಬರೂ ಒಂಬತ್ತಕ್ಕೇ. ನಾನು ಬಾಗಿಲು ಮುಚ್ಚಲು ಎದ್ದರೆ ಆ ಅಪ್ಪಂದಿರು, “ಗೊತ್ತೈತೆ ಬಿಡ್ರಿ ಸಾರ್, ಬೋರ್ಡ್ ತಾನೆ? ದಾದಾಪೀರ್ ಎಲ್ಲಾ ಹೇಳ್ಯಾನ” ಎಂದು ನನ್ನನ್ನೇ ಕೂರಿಸಿದರು.

ಕಾರ್ಯದರ್ಶಿಯವರು ಕರೆದಾಗ ಬೈಗುಳ ತಿನ್ನಲು ಸಿದ್ಧನಾಗಿಯೇ ಹೋದೆ. ಕೆಲಸ ಹೋದರೆ ಹೋಗಲಿ, ಕನಿಷ್ಠ ಅವರಿಗಾದರೂ ನಾನು ಹೇಳಿದ್ದು ಹೇಳಿದ ಹಾಗೆ ಕೇಳಿಸಿತಲ್ಲ ಎಂಬ ಸಮಾಧಾನ. ಅವರು ಕುರ್ಚಿಯಿಂದ ಎದ್ದು ಬಂದು ಬೆನ್ನು ತಟ್ಟಿದರು. “ಏನ್ರೀ ತಿಪ್ಪೇಶಪ್ಪ ನಿಮ್ ಕೈಚಳಕ! ಆ ಹುಬ್ಬಳ್ಳಿ ಹುಡ್ಗ ಎರಡು ಸಣ್ಣ ಕೊರತೆ ಹೇಳ್ರಿ ಅಂದ. ನೀವು ದೊಡ್ಡದನ್ನೇ ಹೇಳಿ ಸೀಟು ತುಂಬ್ಸಿದ್ರಲ್ರೀ!” ಮುಂಭಾಗದ ಹುಡುಗಿಯರಿಗೂ ನನ್ನ ಹಾಗೆ ಬಾಗಿಲು ಮುಚ್ಚಿ ಓದುವುದನ್ನು ಕಲಿಸಿಕೊಡಬೇಕಂತೆ. ಅಕ್ಕೋರೆ, ಅಂಗಡಿಯಲ್ಲಿ ಎಷ್ಟೋ ಹಳೇ ಸರಕನ್ನು ಖಾಲಿ ಮಾಡಿದವನು ನಾನು. ಮಾರಬಾರದು ಎಂದು ಎರಡೂ ಕೈ ಅಡ್ಡ ಇಟ್ಟು ನಿಂತರೂ ಸರಕು ತಾನಾಗಿ ನಡೆದು ಹೋಗುವುದನ್ನು ಯಾವತ್ತೂ ನೋಡಿರಲಿಲ್ಲ. ಜಮಾ ಖರ್ಚು ಎರಡೂ ಕಡೆ ಹಾಕಿ ನೋಡಿದೆ. ಸುಳ್ಳು ಹೇಳಿದ್ದರೆ ಆಫ್ರೀನ್ ಒಬ್ಬಳು ಬರುತ್ತಿದ್ದಳು. ನಿಜ ಹೇಳಿದ್ದರಿಂದ ಹೆಚ್ಚು ಬಂದರು. ಇದನ್ನು ಯಾವ ಬದಿಗೆ ಬರೆಯಲಿ?

ರಾಜೀನಾಮೆ ಬರೆದೆ. ವಿಶೇಷಣ ಒಂದೂ ಹಾಕದೆ, ನಿಮಗೆ ಮೆಚ್ಚುಗೆಯಾಗುವಂತೆ ಎರಡೇ ಸಾಲು. ಕೊಡಲು ಹೋಗುವಾಗ ಪಡಸಾಲೆಯಲ್ಲಿ ದಾದಾಪೀರ್ ಎದುರಾದ. ಮಗಳ ಯೂನಿಫಾರ್ಮ್ ಒಯ್ಯಲು ಬಂದಿದ್ದ. ಪೊಟ್ಟಣದಿಂದ ಟೈ ತೆಗೆದು ತನ್ನ ಕುತ್ತಿಗೆಗೇ ಹಿಡಿದು ತೋರಿಸಿ ನಕ್ಕ. ಆಮೇಲೆ ಮುಖ ಸ್ವಲ್ಪ ಗಂಭೀರ ಮಾಡಿ, “ಅಣ್ಣಾ, ನೀವೇನೂ ಈ ಸ್ಕೂಲ್ ಬಿಟ್ಟು ಹೋಗಲ್ಲ ತಾನೆ? ಕಟ್ಟಡ ನೋಡಿ ಸೇರಿಸಿಲ್ಲ ನಾನು. ನಿಮ್ಮ ಮುಖ ನೋಡಿ ಸೇರಿಸೀನಿ” ಅಂದ. ನಾನು ಎದ್ದು ಹೋದರೆ ನಾಳೆ ಆ ಮೇಜಿಗೆ ‘ಬರುತ್ತೆ’ ಅನ್ನುವವನು ಬಂದು ಕೂರುತ್ತಾನೆ. ಕೂತರೆ ನನ್ನ ಮುಖವೇ ಶಾಲೆಯ ಮಾನ್ಯತೆ ಪತ್ರ. ಹೋಗಲೂ ಆಗದ, ಇರಲೂ ಆಗದ ಜಾಗ ಅದು. ರಾಜೀನಾಮೆ ಇನ್ನೂ ನನ್ನ ಜೇಬಿನಲ್ಲಿದೆ. ಅಂಗಿಯ ಜೊತೆ ಒಂದು ಸಲ ಒಗೆತಕ್ಕೂ ಹೋಗಿ ಬಂದಿದೆ. ಶಾಯಿ ಬಿಟ್ಟಿದೆ.

ನೀವು ಅವತ್ತು ಕೇಳಿದ್ದಕ್ಕೆ ಈಗ ನನ್ನ ಹತ್ತಿರ ಉತ್ತರ ಇದೆ, ಅದು ಉತ್ತರವೋ ಅಲ್ಲವೋ ತಿಳಿಯದು. ನಾನು ಈ ಸಲ ಹೇಳಿದೆ ಅಕ್ಕೋರೆ, ಮಾರಲಿಲ್ಲ. ಆದರೂ ಮಾರಾಟವಾಯಿತು. ನಿಮ್ಮ ಸುತ್ತು ಮುಗಿಸಿದವರಲ್ಲಿ ವಾಪಸು ಹೋದವರೂ ಇರುತ್ತಿದ್ದರು, ಕೊಂಡಜ್ಜಿಯವರ ಹಾಗೆ. ನೀವು ‘ಇಲ್ಲ’ ಅಂದರೆ ಜನಕ್ಕೆ ‘ಇಲ್ಲ’ ಎಂದೇ ಕೇಳಿಸುತ್ತಿತ್ತು. ನನ್ನ ‘ಇಲ್ಲ’ ಮಾತ್ರ ಹೊರಬಿದ್ದೊಡನೆ ‘ನನ್ನನ್ನು ನಂಬಿ’ ಎಂದಾಗಿಬಿಡುತ್ತದೆ. ಅದು ಬಾಯಿಯ ತಪ್ಪೋ, ಕಿವಿಯ ತಪ್ಪೋ? ನೀವು ಹೇಗೆ ಹೇಳುತ್ತಿದ್ದಿರಿ? ಧ್ವನಿಯಲ್ಲಿ ಏನಿತ್ತು? ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ, ಸೀಟು ಹೋಯಿತಲ್ಲ ಎಂದು ಕೊರಗುತ್ತಾ. ಕೇಳಿಸಿಕೊಳ್ಳಬೇಕಿದ್ದದ್ದು ಆಗ…

ಶಾಲೆ ಶುರುವಾದ ದಿನದ ಸುದ್ದಿಯೊಂದನ್ನು ಹೇಳಿ ಮುಗಿಸುತ್ತೇನೆ. ಹಳದಿ ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಮಕ್ಕಳಿಗೆ ಗುಲಾಬಿ ಕೊಡುವ ಗದ್ದಲ. ಆಫ್ರೀನ್ ಇಳಿದವಳು ಸಾಲು ಬಿಟ್ಟು ನೇರ ನನ್ನ ಮೇಜಿಗೆ ಬಂದಳು. ಟೈ ಸರಿಯಾಗಿ ಕಟ್ಟಲು ಬಂದಿರಲಿಲ್ಲ.

“ಬಂತಾ ಸರ್?”

ಯಾವುದು ಎಂದು ಕೇಳಬೇಕಿರಲಿಲ್ಲ. “ಇನ್ನೂ ಇಲ್ಲಮ್ಮ” ಅಂದೆ. ತಲೆ ಆಡಿಸಿ ತರಗತಿಗೆ ಹೋದಳು. ಮರುದಿನವೂ ಬಂದಳು. ಈಗ ಬಸ್ಸಿಳಿದು ನನ್ನ ಮೇಜಿನ ಮುಂದೆ ಹಾಯ್ದು ಹೋಗುವುದು ಅವಳಿಗೆ ರೂಢಿಯಾಗಿದೆ. ಅಷ್ಟು ಜನರಲ್ಲಿ ನನ್ನ ‘ಇಲ್ಲ’ವನ್ನು ‘ಇಲ್ಲ’ ಎಂದೇ ಕೇಳಿಸಿಕೊಂಡವಳು ಅವಳೊಬ್ಬಳು. ಸಹಿ ಮಾಡುವ ಅಧಿಕಾರ ಇಲ್ಲದವಳೂ ಅವಳೇ. ದಸರಾ ರಜೆಯೊಳಗೆ ಬಂದರೆ ವಾಪಸು ಸೇರಿಸಿಕೊಳ್ಳುತ್ತೇನೆ ಎಂದು ಅವಳ ಹಳೇ ಹೆಡ್ಮೇಷ್ಟ್ರು ಹೇಳಿದ್ದಾರೆ. ಅದಕ್ಕೆ ಅವಳಪ್ಪನ ಸಹಿ ಬೇಕು. ಭಾನುವಾರ ಮತ್ತೆ ಭಟ್ಟಿಗೆ ಹೋಗುತ್ತೇನೆ. ಈ ಸಲ ಮಾತು ಕಡಿಮೆ ಮಾಡಿ, ಆಫ್ರೀನಳನ್ನೇ ಮಾತಾಡಲು ಬಿಡುತ್ತೇನೆ. ಅವನು ಒಪ್ಪುತ್ತಾನೆ ಎಂದು ನಿಮಗೆ ಬರೆಯಲಾರೆ. ಬರೆದರೆ ನೀವು ಗೀಟು ಹಾಕುತ್ತೀರಿ.

ಒಂದು ಮಾತು ಮಾತ್ರ ಕೊಡುತ್ತೇನೆ ಅಕ್ಕೋರೆ. ಆ ಹುಡುಗಿ ಎಷ್ಟು ದಿನ ಕೇಳಿದರೂ, ಅವಳ ಮುಖ ಎಷ್ಟೇ ಬಾಡಿದರೂ, ‘ಬರುತ್ತೆ’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಇವತ್ತು ಬೆಳಗ್ಗೆಯೂ ಬಂದಿದ್ದಳು. ಈಗ ಪೂರ್ತಿ ಕೇಳುವುದೂ ಇಲ್ಲ, ಹುಬ್ಬು ಏರಿಸುತ್ತಾಳೆ ಅಷ್ಟೆ.

“ಇನ್ನೂ ಇಲ್ಲಮ್ಮ” ಅಂದೆ.

ನಿಮ್ಮ
ತಿಪ್ಪೇಶಿ